ಶೆಡ್ಡಿನ ಕೆಳಗೊಂದು ಸೊಪ್ಪಿನ ಕೋಣೆ

ನಮ್ಮ ಸಾಮಾನಿನ ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಚಾಪೆ ಹಾಸಿದೆ. ಅದನ್ನು ಸರಿಸಿದರೆ ಮರದ ಕದ. ಕದ ಎತ್ತಿದರೆ ಕೆಳಗಿನಿಂದ ಬೆಳಕು ಮುಖಕ್ಕೆ ಹೊಡೆಯುತ್ತದೆ. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆ ಮುಖ ನೋಡುವ ಆಸೆಗೇ ಇಷ್ಟೆಲ್ಲ ಮಾಡಿದೆ ಅಂದರೆ ಅರ್ಧ ನಿಜ. ಇನ್ನರ್ಧ ಕಾರಣ ಜಾಗ. ಮನೆಯೊಳಗೆ ಗಿಡದ ಕಪಾಟು ಇಡಲು ಜಾಗವಿರಲಿಲ್ಲ, ಶೆಡ್ಡು ಬೇಸಿಗೆಯಲ್ಲಿ ಬೇಯುತ್ತಿತ್ತು. ಉಳಿದದ್ದು ನೆಲದ ಕೆಳಗೆ ಮಾತ್ರ.

ಬಚ್ಚಿಟ್ಟ ಕೋಣೆ, ಒಳಗೆ ದೀಪ, ಗಿಡ ಅಂದ ಕೂಡಲೇ ಜನ ಅನುಮಾನದಿಂದ ನೋಡುತ್ತಾರೆ. ನಾನು ಬೆಳೆಯುವುದು ಲೆಟಿಸ್, ಬೇಸಿಲ್, ಮೈಕ್ರೋಗ್ರೀನ್ಸ್ (ಮೊಳೆತ ಕೆಲವೇ ದಿನಕ್ಕೆ ಕೊಯ್ಯುವ ಎಳೆ ಸೊಪ್ಪು). ಅಷ್ಟೇ. ಅಗೆಯುವ ಮೊದಲೇ ನಕ್ಷೆ ಮಾಡಿಸಿ ಪರವಾನಗಿ ತೆಗೆದುಕೊಂಡಿದ್ದೆ. ಗುಟ್ಟು ಏನಿದ್ದರೂ ನೆಂಟರಿಷ್ಟರ ಮಟ್ಟಿಗೆ. ಹೊರಗಿನಿಂದ ಏನೂ ಕಾಣಬಾರದು ಅನ್ನುವುದೊಂದೇ ನನ್ನ ಹಟವಾಗಿತ್ತು. ಆ ಹಟ ಎಷ್ಟು ದಿನ ನಡೆಯಿತು ಅನ್ನುವುದೇ ಈ ಕತೆ.

ನೆಲದಡಿಯ ಲಾಭ ಇರುವುದು ತಾಪಮಾನದಲ್ಲಿ. ಹಗಲು ರಾತ್ರಿಯ ಏರಿಳಿತ ಮಣ್ಣಿನೊಳಗೆ ಒಂದು ಮೀಟರ್ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಮಾಯ. ಬೇಸಿಗೆಯಿಂದ ಚಳಿಗಾಲಕ್ಕೆ ಆಗುವ ಬದಲಾವಣೆ ಇನ್ನೂ ಆಳಕ್ಕೆ ಇಳಿಯುತ್ತದೆ, ಆದರೆ ಸೊರಗಿ, ವಾರಗಟ್ಟಲೆ ತಡವಾಗಿ. ಲಂಡನ್ನಿನ ಕ್ಲಾಪಮ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ಆಶ್ರಯ ಸುರಂಗವೊಂದರಲ್ಲಿ, ಸುಮಾರು 33 ಮೀಟರ್ ಆಳದಲ್ಲಿ, ದೀಪದ ಬೆಳಕಿನಲ್ಲೇ ಸೊಪ್ಪು ಬೆಳೆದಿದ್ದರು. ಅದನ್ನು ಓದಿದ ಮೇಲೆ ನನಗೆ ಹುಚ್ಚು ಹತ್ತಿತು. ಅವರಿಗೆ ಸಿದ್ಧ ಸುರಂಗ ಸಿಕ್ಕಿತ್ತು, ನಾನು ತೋಡಬೇಕಿತ್ತು. ಈ ವ್ಯತ್ಯಾಸ ಆಗ ಅಷ್ಟಾಗಿ ತಲೆಗೆ ಹೋಗಲಿಲ್ಲ.

ಅಗೆಯುವ ಮುಂಚೆ ನಾನು ಮಾಡಿದ ಒಂದೇ ಜಾಣತನದ ಕೆಲಸ ಅಂದರೆ, ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಮೂರೂವರೆ ಮೀಟರ್ ಆಳದ ಸಣ್ಣ ತೂತು ಕೊರೆದು, ಅದರೊಳಗೆ ತೂತು ಮಾಡಿದ ಪೈಪ್ ಇಳಿಸಿದ್ದು. ವಾರಕ್ಕೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟರಲ್ಲಿದೆ ಎಂದು ಬರೆದಿಟ್ಟೆ. ಒಣ ತಿಂಗಳುಗಳಲ್ಲಿ ದಾರ 3.2 ಮೀಟರಿಗೆ ಒದ್ದೆಯಾಗುತ್ತಿತ್ತು. ಮಳೆ ಹಿಡಿದ ಮೇಲೆ 1.6 ಮೀಟರಿಗೇ. ನನ್ನ ಕೋಣೆಯ ತಳ 2.7 ಮೀಟರ್ ಆಳದಲ್ಲಿ ಬರಬೇಕಿತ್ತು. ಅಂದರೆ ವರ್ಷದಲ್ಲಿ ಕೆಲವು ತಿಂಗಳು ಕೋಣೆ ಮೊಣಕಾಲು ಮೀರಿದ ನೀರಿನಲ್ಲಿ ಕುಳಿತಿರುತ್ತದೆ. ಇದು ಗೊತ್ತಿಲ್ಲದೆ ಕಟ್ಟಿದ್ದರೆ ನಾನು ಬಾವಿ ತೋಡಿದಂತಾಗುತ್ತಿತ್ತು.

ಒಂದು ಹಳೆಯ ಹಡಗಿನ ಕಂಟೇನರ್ ತಂದು ಹೂತುಬಿಟ್ಟರೆ ಮುಗಿಯಿತಲ್ವಾ ಎಂದು ತಮ್ಮ ಕೇಳಿದ. ನಾನೂ ಹಾಗೇ ಯೋಚಿಸಿದ್ದೆ. ರಚನೆ ಲೆಕ್ಕ ಹಾಕಲು ಬಂದ ಎಂಜಿನಿಯರ್ ನಕ್ಕರು. ಕಂಟೇನರ್ ಭಾರ ಹೊರುವುದು ನಾಲ್ಕು ಮೂಲೆಯ ಕಂಬಗಳ ಮೇಲೆ. ಪಕ್ಕದ ತಗಡು ಮಣ್ಣಿನ ತಳ್ಳಾಟ ತಡೆಯಲು ಮಾಡಿದ್ದಲ್ಲ. ಹೂತರೆ ಒಳಕ್ಕೆ ಬಾಗುತ್ತದೆ, ಆಮೇಲೆ ತುಕ್ಕು. "ಸಾರ್, ಅದನ್ನು ಹೂಳೋದು ಸುಲಭ, ಅದರೊಳಗಿಂದ ನಿಮ್ಮನ್ನು ತೆಗೆಯೋದು ಕಷ್ಟ" ಅಂದರು. ಆ ಮಾತು ಅಲ್ಲಿಗೇ ಬಿಟ್ಟೆವು.

ಕೋಣೆಯ ಒಳಗಳತೆ 3 ಮೀಟರ್ ಅಗಲ, 4 ಮೀಟರ್ ಉದ್ದ, 2.3 ಮೀಟರ್ ಎತ್ತರ. ಕೇಳಲು ಸಣ್ಣದು. ಗೋಡೆಯ ಹೊರಗೆ ಕೆಲಸ ಮಾಡಲು ಜಾಗ ಬೇಕು, ತಳಕ್ಕೆ ಜಲ್ಲಿ ಬೇಕು, ಹಾಗಾಗಿ ಗುಂಡಿ ಸುಮಾರು 70 ಘನ ಮೀಟರ್ ಆಯಿತು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಅಂದರೆ ನೂರು ಟನ್ನಿಗೂ ಮೇಲೆ. ಅಗೆದ ಮಣ್ಣು ಉಬ್ಬುವುದರಿಂದ ಗುಡ್ಡೆ ಗುಂಡಿಗಿಂತ ದೊಡ್ಡದಾಗಿರುತ್ತದೆ. ನನ್ನ ಗುಟ್ಟಿಗೆ ಬಿದ್ದ ಮೊದಲ ಏಟು ಇದೇ. ಹಿತ್ತಲಲ್ಲಿ ಬೆಟ್ಟ ಎದ್ದ ಮೇಲೆ ಯಾರಿಗೆ ಏನು ಮುಚ್ಚಿಡುವುದು! ಈಜುಕೊಳವಾ ಎಂದು ಕೇಳಿದವರಿಗೆ ನೀರಿನ ಸಂಪು ಎಂದೆ. ಆಮೇಲೆ ನೋಡಿದರೆ ಅದೂ ಪೂರ್ತಿ ಸುಳ್ಳಾಗಿರಲಿಲ್ಲ.

ಗುದ್ದಲಿಯಲ್ಲಿ ಶುರು ಮಾಡಿ ಎರಡೇ ದಿನಕ್ಕೆ ಯಂತ್ರ ಕರೆಸಿದೆ. ಅದಕ್ಕೆ ನಾಚಿಕೆ ಇಲ್ಲ. ನಾಚಿಕೆ ಇರುವುದು ಇನ್ನೊಂದಕ್ಕೆ. ಒಂದು ಮಧ್ಯಾಹ್ನ, ಎರಡು ಮೀಟರ್ ಆಳದಲ್ಲಿ, ಗೋಡೆ ನೆಟ್ಟಗೆ ಗಟ್ಟಿಯಾಗಿ ಕಾಣುತ್ತಿದೆ ಎಂದು ಆಸರೆ ಹಲಗೆ ಕೊಡುವ ಮೊದಲೇ ಕೆಳಗಿಳಿದು ಮೂಲೆ ಸರಿಮಾಡುತ್ತಿದ್ದೆ. ನೀರು ಕುಡಿಯಲು ಮೇಲೆ ಬಂದೆ. ಲೋಟ ಕೆಳಗಿಡುವಷ್ಟರಲ್ಲಿ ಆ ಮೂಲೆ ಸದ್ದಿಲ್ಲದೆ ಜಾರಿತು. ನಾನು ನಿಂತಿದ್ದ ಜಾಗದಲ್ಲಿ ಎದೆಮಟ್ಟ ಮಣ್ಣು. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಆಸರೆ ಕೊಡದೆ, ಇಲ್ಲವೇ ಬದಿಯನ್ನು ಇಳಿಜಾರು ಮಾಡದೆ ಇಳಿಯಬಾರದು ಎಂದು ಓದಿದ್ದೆ, ತಮ್ಮನಿಗೆ ಹೇಳಿಯೂ ಇದ್ದೆ. ಆಮೇಲೆ ಮೂರೂ ದಿಕ್ಕಿನಲ್ಲಿ ಬದಿ ಕಡಿದು ಇಳಿಜಾರು ಮಾಡಿಸಿದೆ, ನಾಲ್ಕನೇ ಕಡೆ ಉಕ್ಕಿನ ಹಲಗೆ ಮತ್ತು ಅಡ್ಡ ಜಾಕಿ. ಮಣ್ಣಿನ ಗುಡ್ಡೆಯನ್ನು ಅಂಚಿನಿಂದ ದೂರ ಸಾಗಿಸಿದೆ. ಆ ವಾರವಿಡೀ ರಾತ್ರಿ ಕಣ್ಣು ಮುಚ್ಚಿದರೆ ಆ ಮೂಲೆಯೇ ಕಾಣುತ್ತಿತ್ತು.

ಗೋಡೆಗೆ ಪೊಳ್ಳು ಬ್ಲಾಕು, ಅದರೊಳಗೆ ಕಬ್ಬಿಣದ ಸರಳು, ಎಲ್ಲ ಪೊಳ್ಳಿಗೂ ಕಾಂಕ್ರೀಟ್. ನೀರು ತಡೆಯುವ ಪದರ ಹೊರಗಡೆಯಿಂದ ಹೊಡೆಯಬೇಕು. ಒಳಗಡೆಯಿಂದ ಬಳಿದರೆ ನೀರು ಅದನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಹೊರಗೆ ಪದರ, ಅದರ ಮೇಲೆ ಉಬ್ಬುತಗ್ಗಿನ ಪ್ಲಾಸ್ಟಿಕ್ ಹಾಳೆ, ಬುಡದಲ್ಲಿ ಸುತ್ತಲೂ ತೂತಿನ ಪೈಪ್, ಅದರ ಸುತ್ತ ಜಲ್ಲಿ, ಜಲ್ಲಿಗೆ ಮಣ್ಣು ಸೇರದಂತೆ ಬಟ್ಟೆ. ಆ ಪೈಪಿನ ನೀರೆಲ್ಲ ಕೋಣೆಯ ಮೂಲೆಯಲ್ಲಿರುವ ಗುಂಡಿಗೆ ಬರುತ್ತದೆ, ಅಲ್ಲಿಂದ ಪಂಪು ಮೇಲಕ್ಕೆ ಎತ್ತುತ್ತದೆ.

ನನಗೆ ಹೊಳೆಯದೇ ಇದ್ದದ್ದು ಕೋಣೆ ತೇಲಬಹುದು ಅನ್ನುವುದು. ತಳ 15 ಚದರ ಮೀಟರ್. ಸುತ್ತಲ ನೀರು ತಳಕ್ಕಿಂತ ಒಂದು ಮೀಟರ್ ಮೇಲೆ ಬಂದರೆ ಕೆಳಗಿನಿಂದ 15 ಟನ್ ಒತ್ತುತ್ತದೆ, ಖಾಲಿ ದೋಣಿಯನ್ನು ಎತ್ತಿದ ಹಾಗೆ. ಬರೀ ತಳದ ಸ್ಲ್ಯಾಬು ತೂಗುವುದು ಸುಮಾರು ಐದೂವರೆ ಟನ್. ಗೋಡೆ, ಮೇಲ್ಛಾವಣಿ ಎಲ್ಲ ಸೇರಿದ ಮೇಲೆ 29 ಟನ್ನಿನ ಆಸುಪಾಸು. ಹಾಗಾಗಿ ಒಣ ತಿಂಗಳಲ್ಲೇ ಛಾವಣಿವರೆಗೆ ಮುಗಿಸಿ, ಅಲ್ಲಿಯವರೆಗೆ ಪಂಪು ನಿಲ್ಲಿಸಬೇಡಿ ಎಂದು ಎಂಜಿನಿಯರ್ ಗದರಿಸಿದ್ದರು. ಛಾವಣಿಯ ಸ್ಲ್ಯಾಬೇ ಈಗ ಶೆಡ್ಡಿನ ನೆಲ. ಅದಕ್ಕೆ ಕೆಳಗಿನಿಂದ ಫೋಮ್ ಹಲಗೆ ಅಂಟಿಸಿದ್ದೇನೆ, ಇಲ್ಲದಿದ್ದರೆ ಬಿಸಿಯೂ ತಂಪೂ ಅಲ್ಲಿಂದಲೇ ಇಳಿಯುತ್ತದೆ.

ಮೊದಲ ಮಳೆಗಾಲ ಚೆನ್ನಾಗಿ ಕಳೆಯಿತು. ಎರಡನೆಯದರಲ್ಲಿ ಒಂದು ಬೆಳಿಗ್ಗೆ ತಮ್ಮ ಕದ ಎತ್ತಿ ಬಗ್ಗಿ ನೋಡಿ, "ಅಣ್ಣಾ, ಕೊಡ ತರ್ಲಾ?" ಅಂದ. ಕೆಳಗೆ ಒಂದು ಗೇಣು ನೀರು, ಅದರ ಮೇಲೆ ಬೀಜದ ಟ್ರೇಗಳು ತೇಲುತ್ತಿದ್ದವು. ನೀರು ಏರಿದಾಗ ತೇಲಿ ಮೇಲೆದ್ದು ಪಂಪು ಶುರು ಮಾಡುವ ಸ್ವಿಚ್ಚಿಗೆ ಬೇರಿನ ಎಳೆ ಸುತ್ತಿಕೊಂಡು ಅದು ಮೇಲೇಳಲೇ ಇಲ್ಲ. ಪಂಪು ಸರಿಯಾಗೇ ಇತ್ತು, ಅದಕ್ಕೆ ಯಾರೂ ಹೇಳಲಿಲ್ಲ ಅಷ್ಟೆ. ತಂತಿಗಳೆಲ್ಲ ಎದೆಮಟ್ಟಕ್ಕಿಂತ ಮೇಲೆ ಹೋಗಿದ್ದರಿಂದ ಬಚಾವ್. ಆದರೂ ಮೇಲಿನ ಮೇನ್ ಸ್ವಿಚ್ ಇಳಿಸಿದ ಮೇಲೇ ಕಾಲಿಟ್ಟೆ. ಈಗ ಎರಡು ಪಂಪು, ಎರಡನೆಯದು ಬ್ಯಾಟರಿ ಮೇಲೆ, ಸ್ವಲ್ಪ ಎತ್ತರದಲ್ಲಿ. ಗುಂಡಿಗೆ ಬಲೆ ಮುಚ್ಚಳ. ನೀರು ಗೆರೆ ದಾಟಿದರೆ ಶೆಡ್ಡಿನ ಹೊರಗಿರುವ ಗಂಟೆ ಹೊಡೆಯುತ್ತದೆ. ಗಂಟೆ ಹೊರಗೆ ಹಾಕಿದ ದಿನ ಗುಟ್ಟಿನ ಇನ್ನೊಂದು ಚೂರು ಹೋಯಿತು.

ಗಾಳಿಯ ವಿಷಯದಲ್ಲಿ ನಾನು ಇನ್ನೂ ದಡ್ಡತನ ಮಾಡಿದೆ. ಹೊರಗೆ ಪೈಪು ಕಾಣಬಾರದು ಎಂದು ಒಳಗಾಳಿ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಎರಡನ್ನೂ ಶೆಡ್ಡಿನ ಒಂದೇ ಗೋಡೆಯ ಹಿಂದೆ ಪಕ್ಕಪಕ್ಕದಲ್ಲಿ ಇಟ್ಟೆ. ಹೊರಹಾಕಿದ ಗಾಳಿಯನ್ನೇ ಕೋಣೆ ಮತ್ತೆ ಸೇದುತ್ತಿತ್ತು. ಒಳಗೂ ಎರಡೂ ಬಾಯಿ ಛಾವಣಿಯ ಹತ್ತಿರವೇ. ಮೇಲೆ ಬಂದ ಗಾಳಿ ಮೇಲೇ ಹೋಗುತ್ತಿತ್ತು, ಕೆಳಗಿನದು ಕದಲುತ್ತಿರಲಿಲ್ಲ. ಫ್ಯಾನಿನ ಸದ್ದು ಕೇಳಿ ನಾನು ಖುಷಿಯಾಗಿದ್ದೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದಿಟ್ಟಾಗ ಬಣ್ಣ ಬಯಲಾಯಿತು. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಸುತ್ತಮುತ್ತ ಇರುತ್ತದೆ. ದೀಪ ಉರಿಯುವಾಗ ಒಳಗೆ 250ಕ್ಕೆ ಇಳಿದಿತ್ತು. ಅಂದರೆ ಗಿಡ ಹಸಿದಿತ್ತು. ನಾವಿಬ್ಬರೂ ಒಳಗೆ ಕಪಾಟು ಜೋಡಿಸುತ್ತಾ ಫ್ಯಾನ್ ಆರಿಸಿದ್ದ ಇನ್ನೊಂದು ದಿನ ಒಂದು ಗಂಟೆಯೊಳಗೆ 2,000 ದಾಟಿತು. ತಲೆ ಭಾರ, ಸುಮ್ನೆ ಆಕಳಿಕೆ. ಕೆಲಸದ ಸುಸ್ತು ಅಂದುಕೊಂಡಿದ್ದೆವು.

ಈಗ ಹೊಸ ಗಾಳಿ ನೆಲದ ಹತ್ತಿರ ಬರುತ್ತದೆ, ಹಳೆಯದು ಎದುರು ಮೂಲೆಯಲ್ಲಿ ಮೇಲಿನಿಂದ ಹೋಗುತ್ತದೆ. ಹೊರಗೆ ಒಂದು ಪೈಪು ಇನ್ನೊಂದರಿಂದ ಆರು ಮೀಟರ್ ದೂರ, ಎರಡೂ ಧಾರಾಳವಾಗಿ ಕಾಣುತ್ತವೆ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡಲೆಂದು ಒಳಗೆ ಗ್ಯಾಸ್ ಬರ್ನರ್ ಉರಿಸುವವರಿದ್ದಾರೆ. ನೆಲದಡಿಯ ಕೋಣೆಯಲ್ಲಿ ಯಾವ ಕಾರಣಕ್ಕೂ ಬೇಡ. ಉರಿ ಸರಿಯಾಗಿ ಉರಿಯದಿದ್ದರೆ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಜನರೇಟರನ್ನು ಶೆಡ್ಡಿನೊಳಗೆ ಇಡುವುದೂ ಅಷ್ಟೇ ಅಪಾಯ. ಮಣ್ಣಿನಿಂದ ವಿಕಿರಣ ಸೂಸುವ ರೇಡಾನ್ ಅನಿಲ ಒಸರುತ್ತದೆ, ತಗ್ಗಿನ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವ ಮಟ್ಟ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣದ ಅಳತೆ). ಮೂರು ತಿಂಗಳು ಇಡುವ ಸಣ್ಣ ಡಬ್ಬಿಯಲ್ಲಿ ಅಳೆಸಿದೆ, ಅದಕ್ಕಿಂತ ಕಡಿಮೆ ಬಂತು.

ಇನ್ನು ಪಸೆ. ಹೊರಗಿನ ನೀರು ಒಳಗೆ ಬರದ ಹಾಗೆ ಅಷ್ಟು ಒದ್ದಾಡಿ, ನಾನೇ ದಿನಕ್ಕೆ ಹತ್ತು ಲೀಟರ್ ಹೊತ್ತು ಇಳಿಸುತ್ತಿದ್ದೆ! ಗಿಡ ಕುಡಿದ ನೀರಿನಲ್ಲಿ ಬಹುಪಾಲನ್ನು ಎಲೆಯಿಂದ ಗಾಳಿಗೆ ಬಿಡುತ್ತದೆ. 22 ಡಿಗ್ರಿಯಲ್ಲಿ ನನ್ನ ಕೋಣೆಯ ಗಾಳಿ ಪೂರ್ತಿ ತುಂಬಿಕೊಂಡರೂ ಹಿಡಿಯುವುದು ಅರ್ಧ ಲೀಟರ್ ನೀರಿನ ಆವಿ. ಉಳಿದ ಒಂಬತ್ತೂವರೆ ಎಲ್ಲಿ ಹೋಗಬೇಕು? ಗೋಡೆಗೆ. ಮೂರನೇ ವಾರಕ್ಕೆ ಮೂಲೆಯಲ್ಲಿ ಕಪ್ಪು ಬೂಷ್ಟು, ಬೇಸಿಲ್ ಎಲೆಯಡಿ ಬೂದು ಪುಡಿ, ಲೆಟಿಸಿನ ಒಳ ಎಲೆಯ ತುದಿ ಸುಟ್ಟಂತೆ ಕಂದು. ತುದಿ ಸುಡುವುದು ಗೊಬ್ಬರ ಜಾಸ್ತಿಯಾಗಿ ಅಂದುಕೊಂಡು ನೀರು ತೆಳು ಮಾಡಿದೆ, ಇನ್ನೂ ಕೆಟ್ಟಿತು. ಅಸಲು ವಿಷಯ ಎಂದರೆ ಗಾಳಿ ಆಡದ ಕಡೆ ಒಳ ಎಲೆ ನೀರು ಬಿಡುವುದಿಲ್ಲ, ನೀರಿನ ಜತೆ ಬರಬೇಕಾದ ಕ್ಯಾಲ್ಸಿಯಂ ಅಲ್ಲಿಗೆ ತಲುಪುವುದಿಲ್ಲ. ಪ್ರತಿ ಕಪಾಟಿಗೆ ಸಣ್ಣ ಫ್ಯಾನ್, ಮೂಲೆಗೆ ತೇವ ಹೀರುವ ಯಂತ್ರ ಇಟ್ಟು, ತೇವಾಂಶ 65 ಶೇಕಡಾಕ್ಕೆ ಇಳಿಸಿದ ಮೇಲೆ ಮೂರೂ ಕಾಯಿಲೆ ಕಡಿಮೆಯಾದವು.

ಬೆಳಕಿನ ಲೆಕ್ಕ ಇದಕ್ಕಿಂತ ಸುಲಭ. ಆರು ತಟ್ಟೆ ಸೇರಿ 4.3 ಚದರ ಮೀಟರ್ ಬೆಳೆ. ಸೊಪ್ಪಿಗೆ ಚದರ ಮೀಟರಿಗೆ ಸೆಕೆಂಡಿಗೆ 250 ಮೈಕ್ರೋಮೋಲ್ (ಗಿಡದ ಮೇಲೆ ಬೀಳುವ ಬೆಳಕಿನ ಕಣಗಳ ಲೆಕ್ಕ) ತೀವ್ರತೆಯಲ್ಲಿ 16 ಗಂಟೆ ಕೊಟ್ಟರೆ ದಿನಕ್ಕೆ 14 ಮೋಲ್ ಆಗುತ್ತದೆ, ಅದು ಧಾರಾಳ. ಒಟ್ಟು 480 ವ್ಯಾಟ್ ಎಲ್‌ಇಡಿ ಹಾಕಿದೆ, ದಿನಕ್ಕೆ ಏಳೂ ಮುಕ್ಕಾಲು ಯೂನಿಟ್ ವಿದ್ಯುತ್. ಆ ವ್ಯಾಟೆಲ್ಲ ಕೊನೆಗೆ ಬಿಸಿಯಾಗಿಯೇ ಉಳಿಯುತ್ತದೆ ಎಂಬುದು ಬೇಸಿಗೆಯಲ್ಲಿ ಕೋಣೆ 29 ಡಿಗ್ರಿಗೆ ಏರಿ ಲೆಟಿಸ್ ಎಲ್ಲ ಹೂವಿನ ದಂಟು ಬಿಟ್ಟು ಕೆಟ್ಟಾಗ ತಿಳಿಯಿತು. ಮದ್ದು ಸರಳ. ದೀಪವನ್ನು ಸಂಜೆಯಿಂದ ಬೆಳಗಿನವರೆಗೆ ಉರಿಸಿದೆ, ಹೊರಗಿನ ತಂಪು ಗಾಳಿ ಸಿಗುವ ಹೊತ್ತಿಗೆ. ವಿದ್ಯುತ್ ಕೆಲಸ ಮಾತ್ರ ನಾನು ಮುಟ್ಟಲಿಲ್ಲ. 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್, ನೀರು ಸೇರದ ಪೆಟ್ಟಿಗೆ ಎಲ್ಲವನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಿದರು.

ಅಣಬೆಯನ್ನೂ ಒಮ್ಮೆ ಬೆಳೆದೆ. ಚೆನ್ನಾಗಿಯೇ ಬಂತು. ಆದರೆ ಅದರ ಬೀಜಕಣದ ಧೂಳು ಮುಚ್ಚಿದ ಕೋಣೆಯಲ್ಲಿ ನನಗೆ ವಾರಗಟ್ಟಲೆ ಕೆಮ್ಮು ತರಿಸಿತು. ಟೊಮೆಟೊ ಎಲೆ ತುಂಬಾ ಕೊಟ್ಟಿತು, ಹಣ್ಣು ನಾಲ್ಕು. ಅದಕ್ಕೆ ಇನ್ನೂ ಎಷ್ಟೋ ಜಾಸ್ತಿ ಬೆಳಕು ಬೇಕು. ಲೆಟಿಸ್ ಐದಾರು ವಾರಕ್ಕೆ, ಮೈಕ್ರೋಗ್ರೀನ್ಸ್ ಹತ್ತು ದಿನಕ್ಕೆ ಕೊಯ್ಲು. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರ ಹತ್ತಿರ ಇಟ್ಟರೆ ಅವು ಉಳಿದ ತಪ್ಪುಗಳನ್ನೆಲ್ಲ ಕ್ಷಮಿಸುತ್ತವೆ.

ಎಲ್ಲಕ್ಕಿಂತ ತಡವಾಗಿ ಸೇರಿಸಿದ್ದು ಎರಡನೇ ಬಾಗಿಲು. ಒಂದು ಸಂಜೆ ನಾನು ಕೆಳಗಿದ್ದಾಗ ಮನೆಯವರು ಯಾರೋ ಗೊತ್ತಿಲ್ಲದೆ ಕದದ ಮೇಲೆ ಗೊಬ್ಬರದ ಚೀಲ ಇಟ್ಟು ಹೋದರು. ಎತ್ತಲಾಗಲಿಲ್ಲ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ನಲವತ್ತು ನಿಮಿಷ ಕೋಲಿನಿಂದ ಸ್ಲ್ಯಾಬು ಬಡಿದೆ. ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆ ನೋಡಿ, ಸದ್ದು ಕೇಳಿದವರಿಗೂ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ಮರು ತಿಂಗಳೇ ಎಂಜಿನಿಯರನ್ನು ಕರೆಸಿ, ಎದುರು ಗೋಡೆಗೆ ಅಂಟಿದಂತೆ ಹಿತ್ತಲಿಗೆ ಏರುವ ಕೊಳವೆ ಕಟ್ಟಿಸಿದೆ. ಕಬ್ಬಿಣದ ಮೆಟ್ಟಿಲು, ಒಳಗಿನಿಂದಲೇ ತೆರೆಯುವ ಹಗುರ ಮುಚ್ಚಳ, ಅದರ ಮೇಲೆ ಏನೂ ಇಡಬಾರದು ಎಂದು ಹಳದಿ ಬಣ್ಣ. ಶೆಡ್ಡಿನ ಗೋಡೆಗೆ ಒಂದು ಕೆಂಪು ಬಲ್ಬ್. ನಾನು ಕೆಳಗೆ ಇಳಿದರೆ ಅದು ಉರಿಯುತ್ತದೆ.

ಹೀಗಾಗಿ ಹಿತ್ತಲಲ್ಲಿ ಈಗ ಎರಡು ಪೈಪು, ಒಂದು ಗಂಟೆ, ಒಂದು ಹಳದಿ ಮುಚ್ಚಳ, ಒಂದು ಕೆಂಪು ದೀಪ. ಚಾಪೆ ಮಾತ್ರ ಇನ್ನೂ ಹಾಸಿಯೇ ಇದೆ.