ಅಪ್ಪ-ಅಮ್ಮಂದಿರ ಕರಾಳ ಹಾಸ್ಯ: ಹವ್ಯಾಸಿ ತಂಡಕ್ಕೊಂದು ಕೈಪಿಡಿ

ಮಕ್ಕಳ ವಿಷಯ ಮಾತಾಡಲು ಕೂತ ದೊಡ್ಡವರು ಗಂಟೆಯೊಳಗೆ ಮಕ್ಕಳಿಗಿಂತ ಕಡೆಯಾಗುವ ನಾಟಕಗಳು ಹವ್ಯಾಸಿ ತಂಡಗಳಿಗೆ ಅನುಕೂಲ. ನಾಲ್ಕೈದು ಪಾತ್ರ, ಒಂದೇ ಕೋಣೆ, ವೇಷ ಬದಲಿಸುವ ರಗಳೆಯಿಲ್ಲ. ಆದರೆ ನಟರು ಮೊದಲ ಪುಟದಿಂದಲೇ ನಗಿಸಲು ಹೊರಟರೆ ಕೆಟ್ಟಿತು. ತಾವು ಹಾಸ್ಯನಾಟಕದಲ್ಲಿದ್ದೇವೆಂಬ ಸುಳಿವು ಪಾತ್ರಗಳಿಗೆ ಇರಕೂಡದು.

ನಾಟಕ ಆರಿಸಿದ ಕೂಡಲೇ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ಅನುವಾದವಾದರೆ ಅನುವಾದಕರ ಒಪ್ಪಿಗೆಯೂ ಬೇಕು, ಮಾತು ಕತ್ತರಿಸುವುದಿದ್ದರೆ ಅದನ್ನೂ ಕೇಳಿಕೊಳ್ಳಿ.

90 ನಿಮಿಷದ ಪ್ರಯೋಗಕ್ಕೆ 8 ವಾರ, ವಾರಕ್ಕೆ 3 ದಿನ, ದಿನಕ್ಕೆ ಎರಡೂವರೆ ಗಂಟೆ ತಾಲೀಮು ಸಾಕು. ಮೊದಲ ನಾಲ್ಕು ದಿನ ಬರೀ ಓದು. ಆಗ ಪ್ರತಿಯೊಬ್ಬರೂ ತಮ್ಮ ಪಾತ್ರದ ಸಭ್ಯತೆಗೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಅಂಕ ಹಾಕಲಿ: ಬಂದಾಗ 10, ಪೂರ್ತಿ ಕಳಚಿದಾಗ 0. ಯಾವ ಮಾತಿಗೆ ಅಂಕ ಇಳಿಯಿತೆಂದೂ ಗುರುತಿಸಿ. ಹೆಚ್ಚಿನ ತಂಡಗಳಲ್ಲಿ ಇಪ್ಪತ್ತನೇ ನಿಮಿಷಕ್ಕೇ ಎಲ್ಲರೂ 3ಕ್ಕೆ ಇಳಿದಿರುತ್ತಾರೆ, ಉಳಿದದ್ದೆಲ್ಲ ಬರೀ ಕಿರುಚಾಟ. ಅತಿ ಎತ್ತರದ ದನಿಯನ್ನು ಇಡೀ ನಾಟಕದಲ್ಲಿ ಒಂದೇ ಜಾಗಕ್ಕೆ ಮೀಸಲಿಡಿ.

‘ನಿಮ್ಮ ಮಗ ತುಂಬಾ ಚುರುಕು’ ಎಂಬ ಮಾತನ್ನೇ ನೋಡಿ. ‘ತುಂಬಾ’ ಆದ ಮೇಲೆ ತಡೆದು ಹುಬ್ಬೇರಿಸಿದರೆ ವ್ಯಂಗ್ಯಕ್ಕೆ ಡಂಗುರ ಹೊಡೆದಂತಾಯಿತು. ಕಾಫಿ ಕಪ್ಪು ಕೊಡುತ್ತಾ, ಕಪ್ಪನ್ನೇ ನೋಡುತ್ತಾ, ಒಂದೇ ಉಸಿರಿಗೆ ಹೇಳಿ ಮುಗಿಸಲಿ. ಎದುರಿನ ತಾಯಿ ಕುಡಿಯದೆ ಕಪ್ಪನ್ನು ಸಾಸರಿನ ಮೇಲೆ ಇಟ್ಟ ಆ ಸದ್ದಿಗೆ ನಗು ಬರುತ್ತದೆ.

ಇಪ್ಪತ್ತೈದರ ಹುಡುಗರು ತಂದೆ-ತಾಯಿಯಾಗಬೇಕಾದರೆ ಕೂದಲಿಗೆ ಬಿಳಿ ಪೌಡರ್ ಬೇಡವೇ ಬೇಡ. ಕೂರುವಾಗ ಏಳುವಾಗಿನ ನಿಧಾನ, ಕೈಯಲ್ಲಿನ ಕೀಲಿಗೊಂಚಲು, ಮಾತಿನ ನಡುವೆ ಗಡಿಯಾರ ನೋಡುವ ಚಾಳಿ ಇಷ್ಟಿದ್ದರೆ ವಯಸ್ಸು ತಾನಾಗಿ ಬರುತ್ತದೆ.

ತಾಲೀಮಿನ ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ಕೋಣೆಯನ್ನು ನಿಜವಾದ ಅಳತೆಯಲ್ಲೇ ಗುರುತಿಸಿ. ಮೆತ್ತನೆಯ ಸೋಫಾ ಈ ನಾಟಕಗಳ ಶತ್ರು: ನಟರು ಹೂತುಹೋಗುತ್ತಾರೆ, ದನಿ ಕುಗ್ಗುತ್ತದೆ, ಥಟ್ಟನೆ ಏಳಲಾಗುವುದಿಲ್ಲ. ದಿಂಬಿನಡಿ ಪ್ಲೈವುಡ್ ಹಾಕಿ, ಕೂತಾಗಲೂ ಎತ್ತರ 45 ಸೆಂಟಿಮೀಟರಿಗೆ ಕಡಿಮೆಯಾಗದಂತೆ ನೋಡಿಕೊಳ್ಳಿ.

ವಿಸ್ಕಿಯ ಬದಲು ಹಾಲಿಲ್ಲದ ತಣ್ಣನೆ ಚಹಾ ನೀರು. ಒಂದು ಗುಟುಕಿಗೆ ಆಗುವಷ್ಟೇ ಸುರಿಯಲಿ, ಇಲ್ಲದಿದ್ದರೆ ಕೊನೆಯ ದೃಶ್ಯದಲ್ಲಿ ನಟನಿಗೆ ಬಾತ್‌ರೂಮಿನದೇ ಚಿಂತೆ. ತಿನ್ನುವ ದೃಶ್ಯಕ್ಕೆ ಪುಡಿಯಾಗುವ ಬಿಸ್ಕತ್ತು ಬೇಡ, ಗಂಟಲಿಗೆ ಸಿಕ್ಕುತ್ತದೆ. ಬಾಳೆಹಣ್ಣಿನಂಥ ಮೆತ್ತನೆಯದು ಕೊಡಿ. ನೆಲಕ್ಕೆ ಏನಾದರೂ ಚೆಲ್ಲುವುದಿದ್ದರೆ ಒರೆಸುವುದನ್ನೂ ಪಾತ್ರದ ಕೆಲಸವಾಗಿಯೇ ಕೂಡಿಸಿ, ಒದ್ದೆ ನೆಲದಲ್ಲಿ ಜಗಳ ಅಪಾಯ. ಪರಿಕರಗಳು ಮೂರನೇ ವಾರದಿಂದಲೇ ಕೈಗೆ ಬರಲಿ, ನಾಲ್ಕನೇ ವಾರದ ಹೊತ್ತಿಗೆ ಮಾತು ಬಾಯಿಪಾಠವಾಗಿ ಪುಸ್ತಕ ಕೆಳಗಿಳಿಯಲಿ.

ಕಪಾಳಮೋಕ್ಷವಿದ್ದರೆ ಕೈ ಮುಖಕ್ಕೆ ತಾಗಲೇಬಾರದು. ಇಬ್ಬರ ನಡುವೆ ತೋಳಿನುದ್ದಕ್ಕಿಂತ ಹೆಚ್ಚು ದೂರವಿರಲಿ, ಹೊಡೆಯುವವರ ಬೆನ್ನು ಪ್ರೇಕ್ಷಕರ ಕಡೆಗಿರಲಿ. ಕಣ್ಣು ಕೂಡಿದ ಮೇಲಷ್ಟೇ ಕೈ ಬೀಸುವುದು; ಏಟು ತಿನ್ನುವವರು ತಮ್ಮ ಅಂಗೈ ತಟ್ಟಿ ಸದ್ದು ಮಾಡುತ್ತಾರೆ. ದಿನವೂ ಪ್ರದರ್ಶನಕ್ಕೆ ಮುಂಚೆ ಒಮ್ಮೆ ನಿಧಾನವಾಗಿ, ಒಮ್ಮೆ ಪೂರ್ಣ ವೇಗದಲ್ಲಿ ಅಭ್ಯಾಸ ಮಾಡಿ.

ಫೋನ್ ರಿಂಗಾಗುವ ಸದ್ದು ದೊಡ್ಡ ಸ್ಪೀಕರಿನಿಂದ ಬಂದರೆ ಆಭಾಸ. ಫೋನ್ ಇಡುವ ಮೇಜಿನಡಿ ಚಿಕ್ಕ ಸ್ಪೀಕರ್ ಅಡಗಿಸಿ.

ಕರಾಳ ಹಾಸ್ಯವೆಂದು ರಂಗವನ್ನು ಕತ್ತಲೆ ಮಾಡುವವರಿದ್ದಾರೆ! ಮುಖ ಕಾಣದಿದ್ದರೆ ನಗು ಹುಟ್ಟುವುದಿಲ್ಲ. ಮುಂದಿನಿಂದ ಎರಡೂ ಬದಿಯಲ್ಲಿ 45 ಡಿಗ್ರಿ ಕೋನದ ಬೆಳಕು ಕೊನೆಯವರೆಗೂ ಇರಲಿ. ಬೆಚ್ಚನೆ ಬಣ್ಣ ತಣ್ಣಗಾಗಬೇಕಿದ್ದರೆ 10 ನಿಮಿಷದಷ್ಟು ಉದ್ದಕ್ಕೆ, ಗೊತ್ತೇ ಆಗದಂತೆ ಬದಲಿಸಿ.

ಖಾಲಿ ಸಭಾಂಗಣದಲ್ಲಿ ತಾಲೀಮು ಮಾಡಿದ ತಂಡ ಮೊದಲ ಪ್ರದರ್ಶನದ ನಗುವಿಗೆ ತಬ್ಬಿಬ್ಬಾಗುತ್ತದೆ. ಅದಕ್ಕೇ ಕೊನೆಯ ಎರಡು ತಾಲೀಮಿಗೆ ಹತ್ತಿಪ್ಪತ್ತು ಜನರನ್ನು ಕೂರಿಸಿ. ನಗು ಏರುವಾಗ ಮಾತಾಡಬಾರದು, ಪೂರ್ತಿ ಅಡಗುವವರೆಗೆ ಕಾಯಲೂಬಾರದು. ಇಳಿಯತೊಡಗಿದಾಗ ಮುಂದಿನ ಮಾತು ಹಿಡಿಯಬೇಕು. ಅಲ್ಲಿಯವರೆಗೆ ಗೊಂಬೆಯಂತೆ ನಿಲ್ಲದೆ, ಕೈಲಿದ್ದ ಕೆಲಸ ನಡೆಸಿಕೊಂಡಿರಬೇಕು. ನಿರೀಕ್ಷಿಸಿದ ನಗು ಬಾರದ ದಿನ ಕಾಯದೆ ಮುಂದೆ ಹೋಗಿ.

ಹೆಸರಿನಲ್ಲಿ ಅಪ್ಪ-ಅಮ್ಮ ಇದ್ದರೆ ಕುಟುಂಬ ಸಮೇತ ಬರುತ್ತಾರೆ. ಎಷ್ಟು ವಯಸ್ಸಿನ ಮೇಲ್ಪಟ್ಟವರಿಗೆ, ಎಷ್ಟು ಹೊತ್ತು, ಮಧ್ಯಂತರ ಇದೆಯೇ ಎಂಬುದನ್ನು ಪೋಸ್ಟರಿನಲ್ಲೂ ಟಿಕೆಟಿನಲ್ಲೂ ಎದ್ದು ಕಾಣುವಂತೆ ಹಾಕಿ.