ಶೆಡ್‌ನಿಂದ ಪವರ್ ಪ್ರೆಸ್ ಹೊರಗೆ ತೆಗೆಯುವಾಗ

ಪೀಣ್ಯದಂಥ ಕಡೆ ಶೆಡ್ ಖಾಲಿ ಮಾಡುವವರು ಮೊದಲು ಕೇಳುವುದು ಹೈಡ್ರಾ (ಭಾರ ಎತ್ತಿಕೊಂಡೇ ಓಡಾಡುವ ಕ್ರೇನ್) ಬಾಡಿಗೆ ಎಷ್ಟು ಅಂತ. ಅದಕ್ಕೂ ಮೊದಲು ಮಷೀನಿನ ತೂಕ ಎಷ್ಟು, ಆ ತೂಕ ಎಲ್ಲಿ ಕೂತಿದೆ ಅಂತ ಗೊತ್ತಿರಬೇಕು. ನೇಮ್ ಪ್ಲೇಟ್ ಅಥವಾ ಮ್ಯಾನುಯಲ್ ನೋಡಿ, ಎರಡೂ ಇಲ್ಲದಿದ್ದರೆ ತಯಾರಿಸಿದ ಕಂಪನಿಗೆ ಮಾಡೆಲ್ ಹೇಳಿ ಕೇಳಿ. ಗುಜರಿಯವರ ಅಂದಾಜು ನಂಬಬೇಡಿ, ತೂಕ ಕಮ್ಮಿ ಹೇಳಿದಷ್ಟೂ ಅವರಿಗೆ ಲಾಭ ಅಲ್ವಾ! ಲೇತಿನಲ್ಲಿ ಭಾರವೆಲ್ಲ ಗೇರ್ ಇರುವ ಹೆಡ್‌ಸ್ಟಾಕ್ ಕಡೆ. ತಗಡು ಒತ್ತುವ ಪ್ರೆಸ್ಸಿನಲ್ಲಿ ಫ್ಲೈವೀಲ್ (ಭಾರದ ಚಕ್ರ), ಕ್ರ್ಯಾಂಕ್, ಮೋಟಾರ್ ಎಲ್ಲ ಮೇಲಿರುವುದರಿಂದ ಸ್ವಲ್ಪ ವಾಲಿದರೂ ಮಗುಚುತ್ತದೆ.

ಕರೆಂಟ್ ತೆಗೆಯುವ ಮೊದಲೇ ರ‍್ಯಾಮ್ (ಮೇಲೆ ಕೆಳಗೆ ಆಡುವ ಭಾಗ) ಕೆಳಗಿಳಿಸಿ ಮರದ ದಿಮ್ಮಿ ಮೇಲೆ ಕೂರಿಸಿ. ಆಮೇಲೆ ಮೇನ್ ಆಫ್ ಮಾಡಿ ಬೀಗ ಹಾಕಿ, ವೈರ್ ಬಿಚ್ಚುವವರ ಜೇಬಿನಲ್ಲೇ ಕೀ ಇರಲಿ. ಸ್ವಿಚ್ ಆಫ್ ಆದಮೇಲೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತದೆ, ಪೂರ್ತಿ ನಿಲ್ಲುವ ತನಕ ಹತ್ತಿರ ಹೋಗಬೇಡಿ. ಏರ್ ಟ್ಯಾಂಕ್ ಇದ್ದರೆ ಗಾಳಿ ಬಿಟ್ಟುಬಿಡಿ.

ಫೌಂಡೇಶನ್ ಬೋಲ್ಟ್ ತುಕ್ಕು ಹಿಡಿದಿದ್ದರೆ ಗ್ಯಾಸ್ ಕಟಿಂಗ್ ಮಾಡಬೇಕಾಗುತ್ತದೆ. ಸುತ್ತಲಿನ ಎಣ್ಣೆ, ಬಟ್ಟೆ ಮೊದಲು ತೆಗೆಯಿರಿ. ಕಾಂಕ್ರೀಟಿಗೆ ಕಚ್ಚಿಕೊಂಡ ಮಷೀನನ್ನು ಹೈಡ್ರಾದಲ್ಲಿ ಎಳೆದು ಕೀಳುವುದು ಮಾತ್ರ ಬೇಡ. ಎಷ್ಟು ಭಾರ ಬೀಳುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಬಿಟ್ಟುಕೊಂಡ ಕ್ಷಣ ಮಷೀನೂ ಬೂಮೂ (ಹೈಡ್ರಾದ ತೋಳು) ಒಟ್ಟಿಗೆ ಎಗರುತ್ತವೆ. ಜಾಕಿ ಹಾಕಿ ಒಂದೊಂದೇ ಬದಿ ಎತ್ತಿ, ಜಾಕಿ ಒಂದು ಬೆರಳು ಏರಿದರೆ ಕೆಳಗೆ ಆಸರೆಗೆ ಕೊಡುವ ಪ್ಯಾಕಿಂಗೂ ಒಂದು ಬೆರಳು. ಪ್ಯಾಕಿಂಗ್ ತುಂಡನ್ನು ಕೋಲಿನಿಂದ ತಳ್ಳಿ, ಕೈ ಒಳಗೆ ಹಾಕಬೇಡಿ.

ಬಾಗಿಲ ತನಕ ಪೈಪಿನ ಮೇಲೆ ಉರುಳಿಸುವಾಗ ನೆಲ ಇಳಿಜಾರಾಗಿದ್ದರೆ ಹಿಂದಿನಿಂದ ಇನ್ನೊಂದು ಚೈನ್ ಪುಲ್ಲಿ ಕಟ್ಟಿ ಹಿಡಿದುಕೊಳ್ಳಿ.

ಇನ್ನು ಮಷೀನ್ ಎತ್ತಲು ಕಟ್ಟುವ ಬೆಲ್ಟ್. ಇಲ್ಲಿ ಲೆಕ್ಕ ತಪ್ಪುವವರೇ ಜಾಸ್ತಿ. 3 ಟನ್ ಮಷೀನಿಗೆ ಎರಡು ಬೆಲ್ಟ್ ನೆಟ್ಟಗೆ ಹಾಕಿದರೆ ಒಂದೊಂದಕ್ಕೆ 1.5 ಟನ್. ಅದೇ ಎರಡನ್ನು ಒಂದೇ ಕೊಕ್ಕೆಗೆ ಓರೆಯಾಗಿ ಹಾಕಿ, ನೆಲದ ಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ 1.7 ಟನ್, 45ಕ್ಕೆ 2.1, 30ಕ್ಕೆ ಬಂದರೆ ಪೂರ್ತಿ 3 ಟನ್! ಅಂದರೆ ಶೆಡ್ಡಿನ ಎತ್ತರ ಸಾಲದು ಅಂತ ಗಿಡ್ಡ ಬೆಲ್ಟ್ ಹಾಕಿದಷ್ಟೂ ಅಪಾಯ. 60ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳಿ. ಬೆಲ್ಟಿನ ಬಣ್ಣ ಸುಮ್ನೆ ಅಂದಕ್ಕಲ್ಲ, ನೇರಳೆ 1 ಟನ್, ಹಸಿರು 2, ಹಳದಿ 3, ಆದರೂ ಲೇಬಲ್ ಓದಿ. ಲೇಬಲ್ ಕಿತ್ತುಹೋಗಿದ್ದರೆ, ಹೊಲಿಗೆ ಬಿಚ್ಚಿದ್ದರೆ ಆ ಬೆಲ್ಟ್ ಪಕ್ಕಕ್ಕಿಡಿ. ಚೂಪು ಅಂಚಿಗೆ ಉದ್ದಕ್ಕೆ ಸೀಳಿದ ಪೈಪ್ ತುಂಡು ಕೊಡಿ. ಶಾಫ್ಟಿಗೆ, ಫ್ಲೈವೀಲಿಗೆ ಬೆಲ್ಟ್ ಸುತ್ತಬೇಡಿ.

ಒಂದು ಗೇಣು ಎತ್ತಿ ನಿಲ್ಲಿಸಿ. ವಾಲಿದರೆ ಇಳಿಸಿ ಮತ್ತೆ ಕಟ್ಟಿ, ಸಮ ಮಾಡಲು ಯಾರನ್ನೋ ಮಷೀನ್ ಮೇಲೆ ಹತ್ತಿಸುವ ಚಾಳಿ ಬಿಡಿ. ಹೈಡ್ರಾ ಹೋಗುವಾಗ ಮಷೀನ್ ನೆಲಕ್ಕೆ ಹತ್ತಿರವೇ ಇರಲಿ, ಓಲಾಡದಂತೆ ದೂರದಿಂದ ಹಗ್ಗ ಹಿಡಿಯಿರಿ. ಬೂಮ್ ಚಾಚಿದಷ್ಟೂ, ಹೈಡ್ರಾ ತಿರುಗಿದಷ್ಟೂ ಅದರ ತಾಕತ್ತು ಇಳಿಯುತ್ತದೆ, ಹಾಗಾಗಿ 12 ಟನ್ ಹೈಡ್ರಾ ಅಂದಮಾತ್ರಕ್ಕೆ ಎಲ್ಲೆಡೆ 12 ಟನ್ ಎತ್ತುವುದಿಲ್ಲ. ಸಿಗ್ನಲ್ ಒಬ್ಬರೇ ಕೊಡಲಿ, ಆದರೆ ನಿಲ್ಲಿಸಿ ಅಂತ ಯಾರು ಕೂಗಿದರೂ ಡ್ರೈವರ್ ನಿಲ್ಲಿಸಬೇಕು. ರಸ್ತೆಯಲ್ಲಿ ತಲೆ ಮೇಲೆ ಕರೆಂಟ್ ಲೈನ್ ಇದ್ದರೆ ಬೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಬೂಮ್ ಎತ್ತಿಸಿ.

ಲಾರಿಯಲ್ಲಿ ಮರದ ಮೇಲೆ ಕೂರಿಸಿ ನಾಲ್ಕೂ ಕಡೆ ಚೈನ್ ಬಿಗಿಯಿರಿ. ಸ್ವಲ್ಪ ದೂರ ಹೋದಮೇಲೆ ಚೈನ್ ಸಡಿಲ ಆಗಿರುತ್ತದೆ, ಲಾರಿ ನಿಲ್ಲಿಸಿ ಇನ್ನೊಮ್ಮೆ ಬಿಗಿ ಮಾಡಿಸಿ.