ಜಿಂಕೆ, ಟರ್ಕಿ ಬೇಟೆಯ ನಂತರ: ಟ್ಯಾಕ್ಸಿಡರ್ಮಿ ಅಂಗಡಿ ತಲುಪುವವರೆಗೆ ತೊಗಲು, ಗರಿ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಗೋಡೆಗೆ ತೂಗುಹಾಕಿದ ಜಿಂಕೆಯ ತಲೆ ಚೆನ್ನಾಗಿ ಬರದಿದ್ದರೆ ದೂರೆಲ್ಲ ಟ್ಯಾಕ್ಸಿಡರ್ಮಿಸ್ಟ್ ಮೇಲೆ, ಅಂದರೆ ಸತ್ತ ಪ್ರಾಣಿಯ ತೊಗಲನ್ನು ಅಚ್ಚಿನ ಮೇಲೆ ಕೂರಿಸಿ ಜೀವಂತದಂತೆ ಕಾಣುವ ಮೌಂಟ್ ಮಾಡುವವರ ಮೇಲೆ. ಆದರೆ ಎಷ್ಟೋ ಸಲ ತೊಗಲು ಅಂಗಡಿಗೆ ಬರುವ ಮೊದಲೇ, ಕಾಡಿನಲ್ಲೋ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲೋ ಕೆಟ್ಟಿರುತ್ತದೆ. ಅಮೆರಿಕದಲ್ಲಿ ಲೈಸೆನ್ಸ್, ಟ್ಯಾಗ್ ಪಡೆದು ವೈಟ್‌ಟೇಲ್ ಜಿಂಕೆ, ಕಾಡು ಟರ್ಕಿ ಕೋಳಿ ಬೇಟೆಗೆ ಹೋಗುವ ಕನ್ನಡಿಗರಿಗಾಗಿ ಇದನ್ನು ಬರೆದಿದೆ. ಕರ್ನಾಟಕದಲ್ಲಿ ಈ ಮಾತೇ ಇಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ, ಹುಲಿ ಚಿರತೆಗಳ ಮೌಂಟ್‌ಗೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗನ್ ಸಂಸ್ಥೆಯೂ ಮುಚ್ಚಿ ಎರಡು ದಶಕ ದಾಟಿದೆ.

ಅಂಗಡಿಯನ್ನು ಸೀಸನ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಭಾನುವಾರ ರಾತ್ರಿ ತಂದರೆ ಇಳಿಸಿಕೊಳ್ಳುತ್ತಾರೆಯೇ, ಇಡೀ ಜಿಂಕೆ ತರಬೇಕೆ ಅಥವಾ ಕೇಪ್ (ತಲೆಯಿಂದ ಭುಜದ ಹಿಂದಿನವರೆಗಿನ ತೊಗಲು) ಸಾಕೆ ಎಂದು ಕೇಳಿ. ಅಲ್ಲಿರುವ ಮೌಂಟ್‌ಗಳನ್ನು ಹತ್ತಿರದಿಂದ ನೋಡಿ. ಜಿಂಕೆಯ ಕಣ್ಣಿನ ಪಾಪೆ ಅಡ್ಡಕ್ಕೆ ಉದ್ದ. ತಲೆ ಬಾಗಿದ್ದರೂ ಪಾಪೆ ನೆಲಕ್ಕೆ ಸಮಾಂತರವಾಗಿರಬೇಕು. ಕಣ್ಣಿನ ಒಳಮೂಲೆ, ಮೂಗಿನ ಹೊಳ್ಳೆ, ಕಿವಿಯ ಬುಡ ಈ ಮೂರು ಕಡೆ ತೊಗಲು ಒಳಗಿನ ಫೋಮ್ ಅಚ್ಚಿನಿಂದ ಎದ್ದಿದ್ದರೆ ಅಂಟು ಹಿಡಿದಿಲ್ಲ, ಇಲ್ಲವೇ ತೊಗಲನ್ನು ಸಾಕಷ್ಟು ತೆಳು ಮಾಡಿಲ್ಲ. ಮುಗಿಸಿ ಎರಡು ವರ್ಷವಾದ ಮೌಂಟ್ ಇದ್ದರೆ ಅದನ್ನೇ ತೋರಿಸಲು ಹೇಳಿ, ಹೊಸದರಲ್ಲಿ ಇಂಥ ದೋಷ ಕಾಣುವುದಿಲ್ಲ. ತೊಗಲನ್ನು ಹದ ಮಾಡಿಸುತ್ತಾರೋ, ಬರೀ ಪುಡಿ ಹಚ್ಚಿ ಒಣಗಿಸುತ್ತಾರೋ ಎಂಬುದನ್ನು ಕೇಳದೆ ಮುಂಗಡ ಕೊಡಬೇಡಿ. ಪುಡಿ ಹಚ್ಚಿದ್ದು ಅಗ್ಗ, ಬೇಗ ಸಿಗುತ್ತದೆ. ಆದರೆ ತೊಗಲು ಒಣಗುತ್ತ ಕುಗ್ಗಿ ಹೊಲಿಗೆ ಬಿರಿಯುವ ಅಪಾಯ ಹೆಚ್ಚು. ಹದ ಮಾಡಿಸಿದರೆ ಒಂದು ವರ್ಷ ಕಾಯುವುದು ಮಾಮೂಲು.

ಜಿಂಕೆ ಬಿದ್ದ ಕೂಡಲೇ ಗಂಟಲು ಸೀಳಬೇಡಿ. ಸತ್ತ ಪ್ರಾಣಿಯ ರಕ್ತ ಅದರಿಂದ ಇಳಿಯುವುದಿಲ್ಲ; ಭುಜದವರೆಗಿನ ಶೋಲ್ಡರ್ ಮೌಂಟ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ಹೊಲಿಗೆ ಬರುತ್ತದೆ, ಅಷ್ಟೇ. ಹೊಟ್ಟೆ ಬಗೆಯುವಾಗ ಚಾಕು ಎದೆಮೂಳೆಯ ಕೆಳತುದಿಯಲ್ಲಿ ನಿಲ್ಲಲಿ. ಕುತ್ತಿಗೆಗೆ ಹಗ್ಗ ಬಿಗಿದು ಎಳೆಯಬೇಡಿ, ಒಳಗೆ ಟೊಳ್ಳಿರುವ ಆ ಕೂದಲು ಮುರಿದರೆ ಸರಿಮಾಡಲಾಗದು. ಕೊಂಬಿಗೆ ಕಟ್ಟಿ, ಭುಜ ನೆಲ ಬಿಟ್ಟಿರುವಂತೆ ಎಳೆಯಿರಿ. ಸ್ಲೆಡ್ ಇದ್ದರೆ ಇನ್ನೂ ಒಳ್ಳೆಯದು.

ಕೇಪ್ ತೆಗೆಯುವುದಾದರೆ ಜಿಂಕೆಯನ್ನು ಹಿಂಗಾಲಿನಿಂದ ತೂಗುಹಾಕಿ. ಮುಂಗಾಲುಗಳ ಹಿಂದೆ, ಭುಜದಿಂದ ಕನಿಷ್ಠ 6 ರಿಂದ 8 ಇಂಚು ಬಿಟ್ಟು ಮೈಸುತ್ತ ತೊಗಲನ್ನು ಮಾತ್ರ ಕೊಯ್ಯಿರಿ. ಮುಂಗಾಲಿನ ಮಂಡಿಯ ಮೇಲೆ ಒಂದು ಸುತ್ತು. ಅಲ್ಲಿಂದ ಕಾಲಿನ ಹಿಂಬದಿಯಲ್ಲಿ, ಬಿಳಿ ಮತ್ತು ಕಂದು ಕೂದಲು ಸೇರುವ ಗೆರೆಯ ಮೇಲೆ ಮೊದಲ ಸುತ್ತಿನವರೆಗೆ. ಚಾಕು ಯಾವಾಗಲೂ ತೊಗಲಿನ ಒಳಗಿನಿಂದ ಹೊರಕ್ಕೆ ಹೋಗಬೇಕು, ಹೊರಗಿನಿಂದ ಒತ್ತಿದರೆ ಕೂದಲೆಲ್ಲ ತುಂಡಾಗುತ್ತದೆ. ಆಮೇಲೆ ಬಿಗಿಯಾದ ಸ್ವೆಟರ್ ಕಳಚುವ ಹಾಗೆ ತೊಗಲನ್ನು ದವಡೆಯ ಬುಡದವರೆಗೆ ಎಳೆಯುತ್ತ ಬನ್ನಿ. ಅಲ್ಲಿಗೆ ನಿಲ್ಲಿಸಿ, ತಲೆಬುರುಡೆಯ ಹಿಂದೆ ಕತ್ತು ಕತ್ತರಿಸಿ, ತಲೆಯನ್ನು ಕೇಪ್ ಜೊತೆಗೇ ಬಿಡಿ. ಕಣ್ಣು, ತುಟಿ, ಮೂಗಿನ ಸುತ್ತ ಬಿಡಿಸುವುದು ಅಂಗಡಿಯವರ ಕೆಲಸ. ಅಳತೆಗಿಂತ ಉದ್ದ ಬಿಟ್ಟರೆ ಅವರು ಕತ್ತರಿಸಿಕೊಳ್ಳುತ್ತಾರೆ, ಕಡಿಮೆಯಾದರೆ ಸೇರಿಸಲು ಏನೂ ಇರುವುದಿಲ್ಲ.

ಇನ್ನು ಶಾಖ. ತೊಗಲು ಬೆಚ್ಚಗಿದ್ದಷ್ಟು ಹೊತ್ತು ಬ್ಯಾಕ್ಟೀರಿಯಾ ಕೂದಲಿನ ಬುಡ ಸಡಿಲಿಸುತ್ತಿರುತ್ತವೆ. ಆಗ ಏನೂ ಕಾಣದು. ಹದ ಮಾಡುವಾಗ ಕಿವಿ, ಕಣ್ಣು, ತುಟಿಯ ಸುತ್ತ ಕೂದಲು ಕಂತೆಕಂತೆಯಾಗಿ ಕಿತ್ತು ಬರುತ್ತದೆ. ಇದಕ್ಕೆ ಸ್ಲಿಪ್ ಆಗುವುದು ಎನ್ನುತ್ತಾರೆ. ಹಾಗಾದರೆ ಬೇರೆ ಜಿಂಕೆಯ ಕೇಪ್ ಕೊಂಡು ನಿಮ್ಮ ಕೊಂಬು ಕೂರಿಸುವುದೊಂದೇ ದಾರಿ. ಹೊರಗೆ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿದ್ದರೆ ಅದೇ ದಿನ ಅಂಗಡಿಗೆ ಒಯ್ಯಿರಿ. ಆಗದಿದ್ದರೆ ಮೊದಲು ತೊಗಲನ್ನು ಹರಡಿ ಪೂರ್ತಿ ತಣ್ಣಗಾಗಿಸಿ, ಮಾಂಸದ ಬದಿಗೆ ಮಾಂಸದ ಬದಿ ಬರುವಂತೆ ಮಡಚಿ, ಸುತ್ತಿ, ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಬೆಚ್ಚಗಿರುವಾಗ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಶಾಖ ಒಳಗೇ ಉಳಿಯುತ್ತದೆ. ಉಪ್ಪು ಹಚ್ಚಿ ಫ್ರೀಜರಿಗೆ ಇಡಬೇಡಿ, ಉಪ್ಪು ತಾಗಿದ ತೊಗಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಐಸ್ ಬಳಸುವುದಾದರೆ ಬಾಟಲಿಯಲ್ಲಿ ಮುಚ್ಚಿದ್ದನ್ನು ಬಳಸಿ. ಕರಗಿದ ನೀರಿನಲ್ಲಿ ನೆಂದ ಕೇಪ್ ಬೇಗ ಕೆಡುತ್ತದೆ.

ಬೇರೆ ರಾಜ್ಯದಲ್ಲಿ ಬೇಟೆಯಾದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್‌ನ ನಿಯಮ ಮೊದಲು ಓದಿ. 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡ, ಜಿಂಕೆಗಳ ಮಿದುಳನ್ನು ಹಾಳುಮಾಡುವ, ಮದ್ದಿಲ್ಲದ ಈ ರೋಗ ಹರಡುತ್ತಿರುವುದರಿಂದ ಎಷ್ಟೋ ರಾಜ್ಯಗಳು ಮಿದುಳು, ಬೆನ್ನುಹುರಿ ಇರುವ ಭಾಗವನ್ನು ಗಡಿಯೊಳಗೆ ಬಿಡುವುದಿಲ್ಲ. ಮೂಳೆ ಬಿಡಿಸಿದ ಮಾಂಸ, ತಲೆಬುರುಡೆ ಇಲ್ಲದ ಕೇಪ್, ಮಿದುಳಿನ ಚೂರೂ ಇಲ್ಲದಂತೆ ತೊಳೆದ ಬುರುಡೆಯ ತುಂಡಿನ ಸಮೇತ ಕೊಂಬು ಸಾಮಾನ್ಯವಾಗಿ ಒಯ್ಯಬಹುದು. ಹೀಗಾಗಿ ಬೇಟೆಯಾಡುವ ಊರಿನ ಟ್ಯಾಕ್ಸಿಡರ್ಮಿಸ್ಟನ್ನೇ ಹಿಡಿಯುವುದು ಲೇಸು. ಪರೀಕ್ಷೆಗೆ ಗಂಟಲ ಬಳಿಯ ದುಗ್ಧಗ್ರಂಥಿ ತೆಗೆಯುತ್ತಾರೆ. ಮೌಂಟ್ ಮಾಡಿಸುವ ತಲೆ ಎಂದು ಮೊದಲೇ ಹೇಳಿ.

ಟರ್ಕಿಯ ಲೆಕ್ಕ ಬೇರೆ. ಅಲ್ಲಿ ಎಲ್ಲವೂ ಗರಿ. ಬಿದ್ದ ಹಕ್ಕಿ ಒದ್ದಾಡುವಾಗ ಬಹಳ ಗರಿ ಕಿತ್ತುಹೋಗುತ್ತವೆ. ಕಾಲ ಮುಳ್ಳು ಚುಚ್ಚದಂತೆ ಎಚ್ಚರದಿಂದ ಕಾಲು ಹಿಡಿದೆತ್ತಿ, ಉದುರಿದ ಗರಿಗಳನ್ನೂ ಆರಿಸಿಕೊಳ್ಳಿ. ತಲೆಯ ಕೆಂಪು, ನೀಲಿ, ಬಿಳಿ ಬಣ್ಣ ಬೇಗ ಮಾಸುತ್ತದೆ, ಕೂಡಲೇ ಫೋಟೋ ತೆಗೆಯಿರಿ. ರಕ್ತವನ್ನು ಒದ್ದೆ ಪೇಪರ್ ಟವೆಲ್‌ನಿಂದ ಗರಿಯ ದಿಕ್ಕಿನಲ್ಲೇ ಒರೆಸಿ, ಬಾಯಿ, ಗುದದ್ವಾರ, ಗುಂಡಿನ ತೂತುಗಳಿಗೆ ಹತ್ತಿ ತುರುಕಿ. ಕೆಲವೇ ಗಂಟೆಗಳಲ್ಲಿ ಅಂಗಡಿ ಅಥವಾ ಫ್ರೀಜರ್ ಸಿಗುವುದಾದರೆ ಕರುಳು ತೆಗೆಯುವ ಅಗತ್ಯವಿಲ್ಲ. ತಲೆ, ಕಾಲುಗಳಿಗೆ ಒದ್ದೆ ಪೇಪರ್ ಟವೆಲ್ ಸುತ್ತಿ, ಇಲ್ಲದಿದ್ದರೆ ಫ್ರೀಜರಿನಲ್ಲಿ ಒಣಗಿ ಸುಕ್ಕುಗಟ್ಟುತ್ತವೆ. ತಲೆಯನ್ನು ರೆಕ್ಕೆಯಡಿ ಮಡಚಿ, ಹಳೆಯ ತೆಳು ಉದ್ದ ಕಾಲುಚೀಲ, ಅಂದರೆ ಪ್ಯಾಂಟಿಹೋಸ್‌ನೊಳಗೆ ತಲೆಯ ಕಡೆಯಿಂದ ತೂರಿಸಿ. ಬಾಲದ ಗರಿಗಳ ಎರಡೂ ಬದಿಗೆ ರಟ್ಟು ಇಟ್ಟು, ಚೀಲದ ಗಾಳಿ ಹಿಂಡಿ ಕಟ್ಟಿ.

ಇಡೀ ಹಕ್ಕಿ ಬೇಡ, ಬಾಲದ ಬೀಸಣಿಗೆ ಸಾಕು ಎಂದರೆ ಮನೆಯಲ್ಲೇ ಆಗುತ್ತದೆ. ಗರಿಗಳ ಬುಡಕ್ಕೆ ಅಂಟಿದ ಮಾಂಸ, ಕೊಬ್ಬು ಪೂರ್ತಿ ತೆಗೆದು, ಬೊರಾಕ್ಸ್ ಪುಡಿ ತಿಕ್ಕಿ, ರಟ್ಟಿನ ಮೇಲೆ ಬಿಚ್ಚಿ ಪಿನ್ ಹೊಡೆದು ಎರಡು ಮೂರು ವಾರ ಒಣಗಿಸಿ. ಕೊಬ್ಬು ಉಳಿದರೆ ಎಣ್ಣೆ ಜಿನುಗಿ ಗರಿ ಹಳದಿಯಾಗುತ್ತದೆ, ಹುಳವೂ ಬೀಳುತ್ತದೆ.